ಸೋಲಾರ್ ಬ್ಯಾಟರಿ ಪೆಟ್ಟಿಗೆಗೆ ತಂಪು: ಫ್ಯಾನ್ ಹಾಕುವ ಮೊದಲು ಮಾಡಿದ ಕೆಲಸ, ಹಾಕಿದ ಮೇಲೆ ಮಾಡಿದ ಕೆಲಸ

ಬೇಸಿಗೆ ಏರುತ್ತಿದ್ದಂತೆ ಮನೆಯ ಸೋಲಾರ್‌ನಲ್ಲಿ ಒಂದು ತೊಂದರೆ ಶುರುವಾಯಿತು. ಬಿಸಿಲು ಚೆನ್ನಾಗಿಯೇ ಇರುತ್ತದೆ, ಪ್ಯಾನೆಲ್‌ಗಳೂ ಸರಿಯಾಗಿಯೇ ಇರುತ್ತವೆ, ಆದರೆ ಮಧ್ಯಾಹ್ನ ಮೂರರ ಹೊತ್ತಿಗೆ ಬ್ಯಾಟರಿ ಚಾರ್ಜ್ ಆಗುವುದು ನಿಂತುಬಿಡುತ್ತದೆ. ಸಂಜೆ ತಾನಾಗಿಯೇ ಮತ್ತೆ ಶುರುವಾಗುತ್ತದೆ, ಅಷ್ಟರಲ್ಲಿ ಬಿಸಿಲು ಇಳಿದಿರುತ್ತದೆ. ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡಾದ ಬಿಎಂಎಸ್‌ನ ದಾಖಲೆ ತೆರೆದು ನೋಡಿದಾಗ ಕಾರಣ ಅಲ್ಲೇ ಇತ್ತು: ಸೆಲ್‌ಗಳ ತಾಪ 55 ಡಿಗ್ರಿ ಮುಟ್ಟಿದೆ, ಚಾರ್ಜಿಂಗ್ ಕಡಿದಿದೆ.

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದು. 16 ಸೆಲ್, 51.2 ವೋಲ್ಟ್, 100 ಆಂಪಿಯರ್ ಅವರ್, ಅಂದರೆ 5 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ವಿದ್ಯುತ್ತು ಹಿಡಿಯುತ್ತದೆ. ಮನೆಯ ಹೊರಗೋಡೆಗೆ ತಾಗಿಸಿಟ್ಟ ಕಡುಬೂದು ಬಣ್ಣದ ಉಕ್ಕಿನ ಕಪಾಟಿನಲ್ಲಿ ಅದು ಕೆಳಗಿತ್ತು, ಅದೇ ಕಪಾಟಿನಲ್ಲಿ ಮೇಲೆ ಇನ್ವರ್ಟರ್. ಕಪಾಟಿನ ಬಾಗಿಲು ಪಡುವಣಕ್ಕೆ.

ಚಾರ್ಜಿಂಗ್ ನಿಲ್ಲುವುದು ಕಣ್ಣಿಗೆ ಬೀಳುವ ತೊಂದರೆ. ನನಗೆ ಅದಕ್ಕಿಂತ ಹೆಚ್ಚು ಚಿಂತೆ ತಂದದ್ದು ಕಣ್ಣಿಗೆ ಬೀಳದ ಇನ್ನೊಂದು. ಸೆಲ್ ಒಳಗಿನ ಬೇಡದ ರಾಸಾಯನಿಕ ಕ್ರಿಯೆಗಳು ತಾಪ 10 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಎರಡು ಪಟ್ಟು ಚುರುಕಾಗುತ್ತವೆ ಎಂಬುದು ಈ ಕೆಲಸದವರೆಲ್ಲ ಬಳಸುವ ಲೆಕ್ಕ. ಬಿಎಂಎಸ್ 55ಕ್ಕೆ ಕಡಿಯುವುದು ಅಪಾಯ ತಪ್ಪಿಸಲಿಕ್ಕೆ. 45ರಿಂದ 54ರವರೆಗೆ ಅದು ಸುಮ್ಮನಿರುತ್ತದೆ, ಬ್ಯಾಟರಿಯ ಆಯಸ್ಸು ಮಾತ್ರ ಸವೆಯುತ್ತಲೇ ಇರುತ್ತದೆ. ಹಾಗಾಗಿ 55 ಮುಟ್ಟದಂತೆ ನೋಡಿಕೊಂಡರೆ ಸಾಲದು, ವರ್ಷದ ಅತಿ ಬಿಸಿಯ ದಿನದಲ್ಲೂ 45ರ ಕೆಳಗೇ ಇರಬೇಕು ಎಂದು ಗುರಿ ಇಟ್ಟುಕೊಂಡೆ.

ಮೊದಲು ಅಳತೆ

ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದು ‘ಒಂದು ಫ್ಯಾನ್ ಹಾಕಿ’ ಎಂದು. ಆದರೆ ಬಿಸಿ ಎಲ್ಲಿಂದ ಬರುತ್ತಿದೆ ಎಂದು ಗೊತ್ತಿಲ್ಲದೆ ಗಾಳಿ ಬೀಸಿದರೆ ಏನನ್ನು ಸರಿಮಾಡಿದೆವು ಎಂದೂ ಗೊತ್ತಾಗುವುದಿಲ್ಲ. ಆದ್ದರಿಂದ ತಾಪ ಅಳೆಯುವ ಡಿಎಸ್18ಬಿ20 ಸೆನ್ಸರ್‌ಗಳನ್ನು ತಂದು ಒಂದೇ ವೈರಿನ ಮೇಲೆ ಸಾಲಾಗಿ ಜೋಡಿಸಿ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕೊಟ್ಟೆ. ಡೇಟಾ ವೈರಿಗೂ 3.3 ವೋಲ್ಟಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಒಂದೇ ಸಾಕು, ಸೆನ್ಸರ್ ಎಷ್ಟಿದ್ದರೂ. ಒಂದು ಸೆನ್ಸರ್ ಹೊರಗೆ ನೆರಳಿನಲ್ಲಿ, ಒಂದು ಬ್ಯಾಟರಿಯ ಬದಿಗೆ ಒತ್ತಿ ಅಂಟಿಸಿದ್ದು, ಒಂದು ಕಪಾಟಿನ ಮೇಲ್ಭಾಗದ ಗಾಳಿಯಲ್ಲಿ, ಮತ್ತೊಂದು ಬಾಗಿಲಿನ ಒಳಮೈಗೆ. ಬ್ಯಾಟರಿಗೆ ಅಂಟಿಸಿದ್ದರ ಮೇಲೆ ಸ್ವಲ್ಪ ಸ್ಪಂಜು ಮುಚ್ಚಿದೆ, ಇಲ್ಲದಿದ್ದರೆ ಅದು ಅರ್ಧ ಸೆಲ್ಲಿನ ತಾಪ, ಅರ್ಧ ಗಾಳಿಯ ತಾಪ ತೋರಿಸುತ್ತದೆ.

ಈ ಸೆನ್ಸರ್ ಬಳಸುವವರು ಒಂದು ವಿಷಯ ತಿಳಿದಿರಬೇಕು. ವಿದ್ಯುತ್ತು ಬಂದೊಡನೆ, ಅಳತೆ ಮುಗಿಯುವ ಮೊದಲೇ ಓದಿದರೆ ಅದು ಸರಿಯಾಗಿ 85 ಡಿಗ್ರಿ ಎಂದು ಹೇಳುತ್ತದೆ. ಅದು ತಾಪವಲ್ಲ, ಸೆನ್ಸರ್ ಹುಟ್ಟುವಾಗಲೇ ಹೊತ್ತು ತರುವ ಸಂಖ್ಯೆ. ಅತಿ ಸೂಕ್ಷ್ಮವಾದ 12 ಬಿಟ್ ಅಳತೆಗೆ ಮುಕ್ಕಾಲು ಸೆಕೆಂಡು ಬೇಕು. ಪ್ರೋಗ್ರಾಮಿನಲ್ಲಿ ಅಷ್ಟು ಕಾಯಿಸಿ, ನಿಖರವಾಗಿ 85 ಬಂದರೆ ತಿರಸ್ಕರಿಸುವಂತೆ ಬರೆದಿಟ್ಟೆ. ಅಪಾಯದ ಗಂಟೆ ಬಾರಿಸಬೇಕಾದ ಯಂತ್ರವೇ ಸುಳ್ಳು ಗಂಟೆ ಬಾರಿಸತೊಡಗಿದರೆ ಮನೆಯವರು ಅದನ್ನು ಆರಿಸಿಡುತ್ತಾರೆ, ಆಮೇಲೆ ಅದು ಇದ್ದೂ ಇಲ್ಲದಂತೆ.

ಅಳತೆ ತೋರಿಸಿದ್ದು ಹೀಗೆ. ಹೊರಗೆ ನೆರಳಿನಲ್ಲಿ 40. ಬಾಗಿಲಿನ ಒಳಮೈ 60ರ ಮೇಲೆ. ಕಪಾಟಿನ ಮೇಲಿನ ಗಾಳಿ 58. ಬ್ಯಾಟರಿಯ ಬದಿ 53. ಬ್ಯಾಟರಿ ತನ್ನ ಸುತ್ತಲಿನ ಗಾಳಿಗಿಂತ ತಂಪಾಗಿದೆ! ಬ್ಯಾಟರಿ ತಾನೇ ಬಿಸಿಯಾಗಿ ಕಪಾಟನ್ನು ಕಾಯಿಸುತ್ತಿಲ್ಲ, ಕಪಾಟು ಬ್ಯಾಟರಿಯನ್ನು ಕಾಯಿಸುತ್ತಿದೆ. ಮುಂದಿನ ಕೆಲಸವೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿತು.

ಕಾಗದದ ಲೆಕ್ಕವೂ ಅದನ್ನೇ ಹೇಳುತ್ತದೆ. ಸೆಲ್‌ಗಳು, ಅವನ್ನು ಕೂಡಿಸುವ ಬಸ್‌ಬಾರ್‌ಗಳು, ಬಿಎಂಎಸ್ ಎಲ್ಲ ಸೇರಿ ಒಳತಡೆ 15 ಮಿಲಿಓಮ್ ಎಂದಿಟ್ಟುಕೊಳ್ಳಿ. 50 ಆಂಪ್ಸ್ ಹರಿದರೆ, 50ರ ವರ್ಗವನ್ನು 0.015ರಿಂದ ಗುಣಿಸಿ, 37.5 ವ್ಯಾಟ್ ಬಿಸಿ. ಇಷ್ಟೇ ಬ್ಯಾಟರಿಯದು. ಇನ್ವರ್ಟರ್‌ನಲ್ಲಿ 3 ಕಿಲೋವ್ಯಾಟ್ ಹರಿಯುವಾಗ ದಕ್ಷತೆ 93 ಪ್ರತಿಶತವಿದ್ದರೆ 210 ವ್ಯಾಟ್ ಬಿಸಿ. ಅದರ ಮೇಲೆ ಬಾಗಿಲಿಗೆ ಬಡಿಯುವ ಪಡುವಣ ಬಿಸಿಲು. ಮೂರರಲ್ಲಿ ಅತಿ ಚಿಕ್ಕದು ಬ್ಯಾಟರಿಯ ಸ್ವಂತ ಬಿಸಿ.

ಇನ್ವರ್ಟರ್ ಹೊರಗೆ, ಬಿಸಿಲಿಗೆ ಅಡ್ಡ

ಬಿಚ್ಚುವ ಮೊದಲಿನ ಎಚ್ಚರಿಕೆ ಬರೆದೇ ಮುಂದೆ ಹೋಗುತ್ತೇನೆ. ಭರ್ತಿ ಚಾರ್ಜ್ ಆದ ಈ ಬ್ಯಾಟರಿ 57 ವೋಲ್ಟ್ ಆಸುಪಾಸು ಇರುತ್ತದೆ. ಮುಟ್ಟಿದರೆ ಹೊಡೆಯುವ ಭಯ ಕಡಿಮೆ ಎಂದು ಜನ ಸಲುಗೆ ವಹಿಸುತ್ತಾರೆ. ಆದರೆ ಎರಡು ಟರ್ಮಿನಲ್ ನಡುವೆ ಒಂದು ಸ್ಪ್ಯಾನರ್ ಬಿದ್ದರೆ ಸಾವಿರಾರು ಆಂಪ್ಸ್ ಹರಿದು ಅದು ಕೆಂಪಗೆ ಕಾದು ಕರಗುತ್ತದೆ. ಪ್ಯಾನೆಲ್ ಕಡೆಯ ಡಿಸಿ ಇನ್ನೂ ಕೆಟ್ಟದ್ದು, ನೂರಾರು ವೋಲ್ಟ್ ಇರಬಹುದು, ಭಾರ ಇರುವಾಗ ಕನೆಕ್ಟರ್ ಎಳೆದರೆ ಕಿಡಿ ಆರದೆ ಉರಿಯುತ್ತಲೇ ಇರುತ್ತದೆ. ಮನೆಯ ಲೋಡ್ ಆರಿಸಿ, ಪ್ಯಾನೆಲ್ ಐಸೊಲೇಟರ್ (ಪ್ಯಾನೆಲನ್ನು ಬೇರ್ಪಡಿಸುವ ಸ್ವಿಚ್) ಆರಿಸಿ, ಬ್ಯಾಟರಿ ಬ್ರೇಕರ್ ಆರಿಸಿ, ಇನ್ವರ್ಟರ್ ಒಳಗಿನ ಕೆಪಾಸಿಟರ್‌ಗಳು ಇಳಿಯುವವರೆಗೆ ಕಾದು, ಮೀಟರ್ ಇಟ್ಟು ನೋಡಿ, ಆಮೇಲೆ ಕೈ. ಬೆರಳ ಉಂಗುರ, ಕೈಗಡಿಯಾರ ತೆಗೆದಿಡಬೇಕು, ಸ್ಪ್ಯಾನರ್ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿರಬೇಕು. ಪ್ಯಾನೆಲ್ ಕಡೆಯ ವೈರಿಂಗ್ ಬದಲಿಸುವುದನ್ನು ನಾನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದೆ.

ಇನ್ವರ್ಟರನ್ನು ಕಪಾಟಿನಿಂದ ತೆಗೆದು ಪಕ್ಕದ ನೆರಳಿನ ಗೋಡೆಗೆ, ಸಿಮೆಂಟ್ ಬೋರ್ಡಿನ ಮೇಲೆ ಕೂರಿಸಿದೆವು. ಅದರ ಸುತ್ತ ಕೈಪಿಡಿ ಕೇಳುವಷ್ಟು ಜಾಗ ಬಿಟ್ಟೆವು. ಬ್ಯಾಟರಿ ಕೇಬಲ್ ಸ್ವಲ್ಪ ಉದ್ದವಾಯಿತು, ಅದಕ್ಕೆ ತಕ್ಕಂತೆ ಒಂದು ಅಳತೆ ಹೆಚ್ಚು ದಪ್ಪದ ಕೇಬಲ್ ಹಾಕಿದ್ದಾಯಿತು, ಫ್ಯೂಸ್ ಮಾತ್ರ ಬ್ಯಾಟರಿಯ ಹತ್ತಿರವೇ ಉಳಿಯಿತು. ಈ ಒಂದೇ ಬದಲಾವಣೆಯಿಂದ ಕಪಾಟಿನ ಗಾಳಿ ಮರುದಿನವೇ ಎಷ್ಟೋ ಇಳಿಯಿತು. ಬೇರೆ ಯಾವುದಕ್ಕೂ ಸಮಯವಿಲ್ಲದವರು ಇದೊಂದನ್ನಾದರೂ ಮಾಡಿ. ಒಂದೇ ಮುಚ್ಚಿದ ಪೆಟ್ಟಿಗೆಯೊಳಗೆ ಕೆಳಗೆ ಬ್ಯಾಟರಿ, ಮೇಲೆ ಇನ್ವರ್ಟರ್ ಎಂಬ ಜೋಡಣೆ ನೋಡಲು ಅಚ್ಚುಕಟ್ಟು, ಬ್ಯಾಟರಿಗೆ ಮಾತ್ರ ಶಿಕ್ಷೆ.

ಬಿಸಿಲಿಗೆ ಎರಡು ಕೆಲಸ. ಕಡುಬೂದು ಬಾಗಿಲಿಗೆ ಬಿಳಿ ಬಣ್ಣ. ಕಡು ಬಣ್ಣ ಬಿದ್ದ ಬಿಸಿಲಿನ ಬಹುಪಾಲನ್ನು ಹೀರುತ್ತದೆ, ಒಳ್ಳೆಯ ಬಿಳಿ ಬಣ್ಣ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಎರಡನೆಯದು ಬಾಗಿಲಿನ ಮುಂದೆ ಒಂದು ಅಲ್ಯೂಮಿನಿಯಂ ತಗಡಿನ ತಡೆ. ಬಾಗಿಲಿಗೂ ತಗಡಿಗೂ ನಡುವೆ ನಾಲ್ಕು ಬೆರಳು ಸಂದು, ಆ ಸಂದು ಕೆಳಗೂ ಮೇಲೂ ತೆರೆದಿರಬೇಕು. ಬಿಸಿಲು ತಗಡನ್ನು ಕಾಯಿಸುತ್ತದೆ, ಕಾದ ಗಾಳಿ ಸಂದಿನಲ್ಲಿ ತಾನಾಗಿಯೇ ಮೇಲೇರಿ ಹೊರಹೋಗುತ್ತದೆ, ಬಾಗಿಲಿಗೆ ತಾಗುವುದು ಬರಿಯ ನೆರಳು. ಹೊಳೆಯುವ ಅಲ್ಯೂಮಿನಿಯಂ ತನ್ನ ಕಾವನ್ನು ಎದುರಿನ ಮೈಗೆ ಸೂಸುವುದು ತುಂಬ ಕಡಿಮೆ, ಬಣ್ಣ ಬಳಿದ ಉಕ್ಕಿನ ಹತ್ತನೇ ಒಂದು ಪಾಲಿನಷ್ಟೂ ಇಲ್ಲ. ಆದರೆ ಸಂದು ಬಿಡದೆ ಅದೇ ತಗಡನ್ನು ಬಾಗಿಲಿಗೆ ಅಂಟಿಸಿದರೆ ಈ ಗುಣವೆಲ್ಲ ವ್ಯರ್ಥ, ತಗಡಿನ ಬಿಸಿ ನೇರವಾಗಿ ಉಕ್ಕಿಗೆ ಇಳಿಯುತ್ತದೆ.

ಕಪಾಟಿನ ಒಳಮೈಗೆ ಬಿಸಿ ತಡೆಯುವ, ಉರಿಯದ ರಾಕ್‌ವೂಲ್ ಹಲಗೆ ಕೂರಿಸಿ ಅದರ ಮೇಲೆ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್ ಹೊಡೆದೆ. ಥರ್ಮೋಕೋಲ್ ಹಗುರ, ಸುಲಭವಾಗಿ ಸಿಗುತ್ತದೆ, ಕತ್ತರಿಸುವುದೂ ಸುಲಭ, ಆದರೆ ಬೆಂಕಿ ಹತ್ತಿದರೆ ಉರಿಯುತ್ತದೆ, ಕರಗಿ ತೊಟ್ಟಿಕ್ಕುತ್ತದೆ. ಬ್ಯಾಟರಿಯ ಸುತ್ತ ಉರಿಯುವ ವಸ್ತು ಬೇಡವೇ ಬೇಡ.

ಒಂದು ಬೋಲ್ಟಿನ ಕಥೆ

ಎಲ್ಲ ಬಿಚ್ಚಿದ್ದೇ ಆಯಿತಲ್ಲ ಎಂದು ಮತ್ತೆ ಜೋಡಿಸಿದ ಮೇಲೆ, ಲೋಡ್ ಹಾಕಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಪ್ರತಿ ಕೂಡುವ ಜಾಗವನ್ನೂ ನೋಡಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಹೊಳೆಯುವ ತಾಮ್ರದ ಮೇಲೆ ಈ ಥರ್ಮಾಮೀಟರ್ ಹಿಡಿದರೆ ಅದು ತಾಮ್ರದ ತಾಪ ಹೇಳುವುದಿಲ್ಲ, ತಾಮ್ರದಲ್ಲಿ ಪ್ರತಿಫಲಿಸುವ ಎದುರಿನ ವಸ್ತುಗಳ ತಾಪ ಹೇಳುತ್ತದೆ. ಅದಕ್ಕೆ ಬೋಲ್ಟಿನ ಪಕ್ಕದಲ್ಲಿ ಉಗುರಿನಷ್ಟು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಟೇಪಿನ ಮೇಲೆ ಗುರಿಯಿಟ್ಟು ನೋಡಬೇಕು. ಕೇಬಲ್ ತುದಿಯ ಒಂದು ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಮೇಲೆ ಟೇಪ್ ಇಲ್ಲದಾಗ 38 ತೋರಿಸುತ್ತಿತ್ತು. ಅದೇ ಲಗ್, ಟೇಪ್ ಅಂಟಿಸಿ ಒಂದು ನಿಮಿಷ ಬಿಟ್ಟು ನೋಡಿದರೆ 61. ಅದರ ಪಕ್ಕದ ಮೈನಸ್ ಲಗ್ ಟೇಪಿನ ಮೇಲೂ 43 ಮಾತ್ರ.

ಮತ್ತೆ ಎಲ್ಲ ಆರಿಸಿ ಆ ಲಗ್ ಬಿಚ್ಚಿದೆ. ಹೊಸದಾಗಿ ಕ್ರಿಂಪ್ ಮಾಡಿಸಿ, ಅಂದರೆ ತುದಿಗೆ ಲಗ್ ಒತ್ತಿ ಕೂರಿಸಿ, ತಂದ ಕೇಬಲ್ಲು. ಲಗ್ಗಿನ ತಳ ಸಪಾಟಾಗಿ ಕೂತಿರಲಿಲ್ಲ, ಒಂದು ಅಂಚು ಎದ್ದಿತ್ತು, ಟರ್ಮಿನಲ್ ಮೇಲೆ ಬಾಗಿದ ಗೆರೆಯಂತೆ ಒಂದೇ ಕಡೆ ಉಜ್ಜಿದ ಗುರುತು. ಲಗ್ಗನ್ನು ಸಪಾಟು ಮಾಡಿ, ಎರಡೂ ಮೈಗಳನ್ನು ಒರೆಸಿ, ತಯಾರಕರು ಹೇಳಿದಷ್ಟೇ ಟಾರ್ಕ್‌ಗೆ ಬಿಗಿದ ಮೇಲೆ ಎರಡೂ ಲಗ್ ಸಮಕ್ಕೆ ಬಂದವು. ಒಂದು ಮಿಲಿಓಮ್ ಹೆಚ್ಚುವರಿ ತಡೆ ಎಂದರೆ 100 ಆಂಪ್ಸ್‌ಗೆ 10 ವ್ಯಾಟ್, ಅದೂ ಒಂದೇ ಬಿಂದುವಿನಲ್ಲಿ. ಆ ಬಿಸಿ ನೇರವಾಗಿ ತಾಮ್ರದ ಮೂಲಕ ಅಂಚಿನ ಸೆಲ್ಲಿಗೆ ಇಳಿಯುತ್ತದೆ. ಎಂಥ ಫ್ಯಾನೂ ಇದನ್ನು ಸರಿಪಡಿಸುವುದಿಲ್ಲ.

ಫ್ಯಾನ್, ಈಗ

ಎಷ್ಟು ಗಾಳಿ ಬೇಕು ಎಂಬುದಕ್ಕೆ ನೆನಪಿಡುವಂಥ ಸೂತ್ರವೊಂದಿದೆ: ಬಿಸಿಯ ವ್ಯಾಟ್‌ಗಳನ್ನು 0.33ರಿಂದಲೂ, ಎಷ್ಟು ಡಿಗ್ರಿ ಏರಿಕೆಯನ್ನು ಒಪ್ಪುತ್ತೇವೋ ಅದರಿಂದಲೂ ಭಾಗಿಸಿದರೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಬೇಕೆಂದು ಸಿಗುತ್ತದೆ. ಇನ್ವರ್ಟರ್ ಒಳಗೇ ಇದ್ದಿದ್ದರೆ ಒಟ್ಟು 250 ವ್ಯಾಟ್, 2 ಡಿಗ್ರಿಗಿಂತ ಹೆಚ್ಚು ಏರಬಾರದೆಂದರೆ ಗಂಟೆಗೆ ಸುಮಾರು 380 ಘನ ಮೀಟರ್ ಬೇಕಿತ್ತು, ಅಂದರೆ ಗದ್ದಲದ ದೊಡ್ಡ ಫ್ಯಾನು. ಈಗ ಉಳಿದಿರುವುದು 40 ವ್ಯಾಟ್. ಅದಕ್ಕೆ 60 ಘನ ಮೀಟರ್ ಸಾಕು. 120 ಮಿಲಿಮೀಟರಿನ ಕಂಪ್ಯೂಟರ್ ಫ್ಯಾನ್ ಒಂದು, ಜಾಲರಿ ಮತ್ತು ಫಿಲ್ಟರ್ ಅಡ್ಡ ಇದ್ದರೂ, ಇದನ್ನು ನಿರಾಯಾಸವಾಗಿ ಕೊಡುತ್ತದೆ. ಬಿಸಿಯ ಮೂಲ ತೆಗೆದದ್ದರ ಲಾಭ ಇಲ್ಲಿ ಮತ್ತೊಮ್ಮೆ ಸಿಕ್ಕಿತು.

ಗಾಳಿ ಒಳಬರುವ ತೂತು ನೆರಳಿನ ಬದಿಯಲ್ಲಿ ಕೆಳಗೆ, ಹೊರಹೋಗುವುದು ಎದುರು ಬದಿಯಲ್ಲಿ ಮೇಲೆ, ಫ್ಯಾನ್ ಮೇಲೆ ನಿಂತು ಹೊರಕ್ಕೆ ಎಳೆಯುತ್ತದೆ. ಬ್ಯಾಟರಿಯನ್ನು ನೆಲದಿಂದಲೂ ಹಿಂಬದಿಯಿಂದಲೂ ಎತ್ತಿ ಸಂದು ಬಿಟ್ಟು ಕೂರಿಸಿದೆ. ಒಳಬರುವ ತೂತಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ, ಹಲ್ಲಿ ಇಲಿ ನುಗ್ಗದಂತೆ. ಸಣ್ಣ ಕಣ್ಣಿನ ಜಾಲರಿ ಗಾಳಿಯನ್ನು ತಡೆಯುವುದರಿಂದ ತೂತನ್ನು ಫ್ಯಾನಿಗಿಂತ ಎರಡು ಪಟ್ಟು ದೊಡ್ಡದು ಮಾಡಿದೆ.

ಗಾಳಿ ಹೋಗಬೇಕಾದಲ್ಲಿ ಹೋಗುತ್ತಿದೆಯೇ ಎಂದು ನೋಡಲು ತೆಳು ಟಿಶ್ಯೂ ಕಾಗದದ ಉದ್ದನೆಯ ಪಟ್ಟಿ ಸಾಕು. ಒಳಬರುವ ತೂತಿನ ಬಳಿ ಪಟ್ಟಿ ಒಳಕ್ಕೆ ಹಾರುತ್ತಿತ್ತು. ಅದನ್ನೇ ಕಡ್ಡಿಯ ತುದಿಗೆ ಕಟ್ಟಿ ಬ್ಯಾಟರಿಯ ಹಿಂಬದಿಯ ಸಂದಿಗೆ ಇಳಿಬಿಟ್ಟರೆ ಅಲುಗಲೇ ಇಲ್ಲ. ಗಾಳಿ ಬ್ಯಾಟರಿಯ ಮುಂದಿನ ಖಾಲಿ ಜಾಗದಲ್ಲೇ ಏರಿ ಫ್ಯಾನಿಗೆ ಹೋಗುತ್ತಿತ್ತು. ಗಾಳಿಗೆ ಸುಲಭದ ದಾರಿ ಸಿಕ್ಕರೆ ಕಷ್ಟದ ದಾರಿ ಹಿಡಿಯುವುದಿಲ್ಲ. ಮುಂದಿನ ಖಾಲಿ ಜಾಗಕ್ಕೆ ಬೋರ್ಡಿನ ಒಂದು ಅಡ್ಡಪಟ್ಟಿ ಹೊಡೆದು ಮುಚ್ಚಿದ ಮೇಲೆ ಹಿಂದಿನ ಸಂದಿನ ಪಟ್ಟಿ ನೆಟ್ಟಗೆ ಮೇಲಕ್ಕೆ ಎದ್ದು ನಿಂತಿತು. ಬ್ಯಾಟರಿಯ ಮೇಲೆ ಅನಿಲ ಬಿಡುವ ಕವಾಟಗಳಿರುತ್ತವೆ, ಅಡ್ಡಪಟ್ಟಿ ಅವನ್ನು ಮುಚ್ಚದಂತೆ ನೋಡಿಕೊಳ್ಳಬೇಕು.

ಫ್ಯಾನಿಗೆ ವಿದ್ಯುತ್ತು ಇಡೀ 51.2 ವೋಲ್ಟಿನಿಂದ, ಫ್ಯೂಸ್ ದಾಟಿ, 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಮೂಲಕ. 60 ವೋಲ್ಟಿಗೂ ಮೇಲೆ ತಡೆಯುವ ಕನ್ವರ್ಟರೇ ಆಗಬೇಕು. ನಾಲ್ಕು ಸೆಲ್ ಸೇರಿದರೆ 12 ವೋಲ್ಟ್ ಚಿಲ್ಲರೆ ಆಗುತ್ತದಲ್ಲ, ಅಲ್ಲಿಂದಲೇ ತೆಗೆಯೋಣ ಎಂಬ ಯೋಚನೆ ಹಲವರಿಗೆ ಬರುತ್ತದೆ. ದಯವಿಟ್ಟು ಮಾಡಬೇಡಿ. ಆ ನಾಲ್ಕು ಸೆಲ್ ಮಾತ್ರ ದಿನವೂ ಹೆಚ್ಚು ಖಾಲಿಯಾಗಿ, ಉಳಿದ ಹನ್ನೆರಡರ ಜೊತೆಗಿನ ಸಮತೋಲ ಕೆಡುತ್ತದೆ.

ಯಾವಾಗ ತಿರುಗಬೇಕು, ಯಾವಾಗ ತಿರುಗಬಾರದು

ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದೇ. ಫ್ಯಾನಿಗೆ ತಂಪು ಮಾಡುವ ಶಕ್ತಿಯಿಲ್ಲ, ಹೊರಗಿನ ತಾಪವನ್ನು ಒಳಕ್ಕೆ ತರುವ ಶಕ್ತಿ ಮಾತ್ರ ಇದೆ. ಹೊರಗೆ 41, ಬ್ಯಾಟರಿ 35 ಇರುವಾಗ ಫ್ಯಾನ್ ಹಾಕಿದರೆ ಬ್ಯಾಟರಿಯನ್ನು ಕಾಯಿಸಿದಂತೆ. ಮಾರುಕಟ್ಟೆಯ ಸಾಮಾನ್ಯ ಥರ್ಮೋಸ್ಟಾಟ್ ಒಳಗಿನ ತಾಪ ಮಾತ್ರ ನೋಡುತ್ತದೆ, 35 ದಾಟಿದೊಡನೆ ಫ್ಯಾನ್ ಹಾಕುತ್ತದೆ, ಹೊರಗಿನ ಝಳವನ್ನೆಲ್ಲ ಎಳೆದು ಒಳಗೆ ತುಂಬುತ್ತದೆ.

ಈ ಬ್ಯಾಟರಿ 48 ಕಿಲೋ ತೂಗುತ್ತದೆ. ಅದರ ತಾಪ ಒಂದು ಡಿಗ್ರಿ ಏರಲು ಸುಮಾರು 13 ವ್ಯಾಟ್ ಅವರ್ ಬಿಸಿ ಬೇಕು. 37 ವ್ಯಾಟ್ ಒಳಬಿಸಿಗೆ, ಹೊರಗಿನಿಂದ ಏನೂ ಬರದಿದ್ದರೆ, ಗಂಟೆಗೆ 3 ಡಿಗ್ರಿಯಷ್ಟೇ ಏರಿಕೆ. ಅಂದರೆ ದಪ್ಪ ಕಲ್ಲಿನ ಗೋಡೆಯಂತೆ, ರಾತ್ರಿಯ ತಂಪನ್ನು ಬೆಳಗಿನ ಕೆಲವು ಗಂಟೆಗಳವರೆಗೆ ಬ್ಯಾಟರಿ ತನ್ನ ಮೈಯಲ್ಲೇ ಹಿಡಿದಿಟ್ಟುಕೊಳ್ಳಬಲ್ಲದು. ಆ ತಂಪನ್ನು ರಾತ್ರಿ ತುಂಬಿಸಬೇಕು, ಹಗಲು ಸೋರದಂತೆ ಮುಚ್ಚಿಡಬೇಕು.

ಇಎಸ್‌ಪಿ32ಗೆ ಬರೆದ ನಿಯಮ ಇಷ್ಟೇ: ಸೆಲ್ಲಿನ ತಾಪ ಹೊರಗಿನ ತಾಪಕ್ಕಿಂತ 2 ಡಿಗ್ರಿ ಹೆಚ್ಚಿದ್ದರೆ ಫ್ಯಾನ್ ಹಾಕು, ವ್ಯತ್ಯಾಸ ಅರ್ಧ ಡಿಗ್ರಿಗೆ ಇಳಿದರೆ ಆರಿಸು. ಸೆಲ್ 20ಕ್ಕಿಂತ ಕೆಳಗಿದ್ದರೆ ಬೇಡವೇ ಬೇಡ. ಆ ಒಂದೂವರೆ ಡಿಗ್ರಿ ಅಂತರ ಇಲ್ಲದಿದ್ದರೆ ಫ್ಯಾನ್ ಹಾಕಿ ಆರಿಸಿ ಒದ್ದಾಡುತ್ತದೆ. ಸೆನ್ಸರ್‌ಗಳಲ್ಲೇ ತಲಾ ಅರ್ಧ ಡಿಗ್ರಿ ಹೆಚ್ಚುಕಡಿಮೆ ಇರಬಹುದಾದ್ದರಿಂದ, ಎಲ್ಲವನ್ನೂ ಒಂದೇ ಲೋಟದ ನೀರಿನಲ್ಲಿ ಅದ್ದಿ ಓದಿ, ವ್ಯತ್ಯಾಸವನ್ನು ಪ್ರೋಗ್ರಾಮಿನಲ್ಲೇ ಕಳೆದೆ. ಯಾವ ಸೆನ್ಸರ್ ಉತ್ತರ ಕೊಡದಿದ್ದರೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಬೋರ್ಡೇ ಸತ್ತರೆ ಎಂಬ ಭಯಕ್ಕೆ 50 ಡಿಗ್ರಿಗೆ ತಾನಾಗಿ ಕೂಡಿಕೊಳ್ಳುವ ದ್ವಿಲೋಹದ ಸ್ವಿಚ್ ಒಂದನ್ನು ಪಕ್ಕದಲ್ಲಿ ಸಮಾಂತರವಾಗಿ ಕೊಟ್ಟಿದ್ದೇನೆ, ಅದಕ್ಕೆ ಪ್ರೋಗ್ರಾಮಿನ ಹಂಗಿಲ್ಲ. ಫ್ಯಾನ್ ನಿಂತಾಗ ಹೊರಗಿನ ಗಾಳಿ ತಾನೇ ನುಗ್ಗದಂತೆ ಹೊರದಾರಿಗೆ ಹಗುರ ರೆಕ್ಕೆಯ ಮುಚ್ಚಳವಿದೆ, ಫ್ಯಾನ್ ತಿರುಗಿದಾಗ ಗಾಳಿಯ ಒತ್ತಡಕ್ಕೆ ತೆರೆಯುತ್ತದೆ.

ಲೆಡ್ ಆಸಿಡ್ ಬ್ಯಾಟರಿ ಇರುವವರು ಇದನ್ನು ಹಾಗೆಯೇ ನಕಲು ಮಾಡಬಾರದು. ಅವು ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತವೆ, ಗಾಳಿಯಲ್ಲಿ ಅದು 4 ಪ್ರತಿಶತ ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಹೊರಗೆ ಎಷ್ಟೇ ಸೆಕೆಯಿದ್ದರೂ ಮೇಲಿನ ಗಾಳಿಕಿಂಡಿ ತೆರೆದೇ ಇರಬೇಕು. ಜೊತೆಗೆ ಚಾರ್ಜ್ ವೋಲ್ಟೇಜನ್ನು ತಾಪಕ್ಕೆ ತಕ್ಕಂತೆ ಇಳಿಸಬೇಕು, ಪ್ರತಿ ಸೆಲ್ಲಿಗೆ ಡಿಗ್ರಿಗೆ ಸುಮಾರು 4 ಮಿಲಿವೋಲ್ಟ್. 12 ವೋಲ್ಟ್ ಬ್ಯಾಟರಿಗೆ ಡಿಗ್ರಿಗೆ 24 ಮಿಲಿವೋಲ್ಟ್ ಆಯಿತು, 25 ಡಿಗ್ರಿಯಿಂದ 40ಕ್ಕೆ ಏರಿದರೆ 0.36 ವೋಲ್ಟ್. ಇನ್ವರ್ಟರ್ ಜೊತೆ ಬಂದ ತಾಪದ ಸೆನ್ಸರನ್ನು ಪೊಟ್ಟಣದಲ್ಲೇ ಬಿಟ್ಟವರು ಅದನ್ನು ತೆಗೆದು ಬ್ಯಾಟರಿಗೆ ಅಂಟಿಸಿ.

ಚಾರ್ಜ್ ಕರೆಂಟು

ಇದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ, ಇನ್ವರ್ಟರ್ ಸೆಟ್ಟಿಂಗ್ ಸಾಕು. ಗರಿಷ್ಠ ಚಾರ್ಜ್ ಕರೆಂಟನ್ನು 50ರಿಂದ 25 ಆಂಪ್ಸ್‌ಗೆ ಇಳಿಸಿದೆ. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ 37.5 ವ್ಯಾಟ್ ಇದ್ದದ್ದು 9.4ಕ್ಕೆ ಬರುತ್ತದೆ. ಚಾರ್ಜ್ ಆಗಲು ಎರಡರಷ್ಟು ಹೊತ್ತು ಹಿಡಿಯುತ್ತದೆ ನಿಜ, ಅದನ್ನು ಸೇರಿಸಿದರೂ ಒಟ್ಟು ಬಿಸಿ ಅರ್ಧ. 80 ಆಂಪಿಯರ್ ಅವರ್ ತುಂಬಿಸಲು ಮೊದಲು 60 ವ್ಯಾಟ್ ಅವರ್ ಬಿಸಿ, ಈಗ 30.

ಇನ್ನೊಂದು ಲಾಭವೂ ಇದೆ. ಲಿಥಿಯಂ ಸೆಲ್ ಭರ್ತಿ ತುಂಬಿದ ಸ್ಥಿತಿಯಲ್ಲಿ ಬಿಸಿಯಲ್ಲಿ ಕೂರುವುದು ಅದರ ಆಯಸ್ಸಿಗೆ ಕೆಟ್ಟದ್ದು. ಮೊದಲು ಮಧ್ಯಾಹ್ನಕ್ಕೇ ತುಂಬಿ ಸೆಕೆಯ ಹೊತ್ತನ್ನೆಲ್ಲ ನೂರಕ್ಕೆ ನೂರರಲ್ಲಿ ಕಳೆಯುತ್ತಿದ್ದ ದಿನಗಳಿದ್ದವು. ಈಗ ನಿಧಾನಕ್ಕೆ ತುಂಬಿ, ಬಿಸಿಲು ಇಳಿಯುವ ಹೊತ್ತಿಗೆ ತುದಿ ಮುಟ್ಟುತ್ತದೆ, ಅಷ್ಟರಲ್ಲೇ ಸಂಜೆಯ ಬಳಕೆ ಶುರು. ಮೋಡದ ದಿನ ಹೆಚ್ಚಿರುವ ಕಾಲದಲ್ಲಿ ಇದೇ ಸೆಟ್ಟಿಂಗ್ ನಷ್ಟ ತರುತ್ತದೆ, ಆಗ ಮತ್ತೆ 50ಕ್ಕೆ ಏರಿಸಬೇಕು. ನಮ್ಮ ಇನ್ವರ್ಟರ್‌ನಲ್ಲಿ ಹೊತ್ತಿಗೆ ತಕ್ಕಂತೆ ಕರೆಂಟು ನಿಗದಿಮಾಡುವ ಅವಕಾಶವಿದೆ, ಬೆಳಗ್ಗೆ ತಂಪಿರುವಾಗ 35, ಹನ್ನೊಂದರ ಮೇಲೆ 20 ಎಂದಿಟ್ಟು ಈಗ ನೋಡುತ್ತಿದ್ದೇನೆ.

ಬೇಡವೆಂದು ಬಿಟ್ಟವು ಕೆಲವು. ಒದ್ದೆ ಪರದೆಯ ಕೂಲರ್ ಗಾಳಿ ತಂಪೇ, ಆದರೆ ಆ ತೇವ ಟರ್ಮಿನಲ್‌ಗಳನ್ನೂ ಬಿಎಂಎಸ್ ಬೋರ್ಡನ್ನೂ ತಿನ್ನುತ್ತದೆ. ವಿದ್ಯುತ್ತು ಹರಿಸಿದರೆ ಒಂದು ಮೈ ತಣ್ಣಗಾಗುವ ಪೆಲ್ಟಿಯರ್ ತುಂಡುಗಳು ಆಚೆ ಕಳಿಸುವ ಬಿಸಿಗಿಂತ ಹೆಚ್ಚು ವಿದ್ಯುತ್ತು ತಿನ್ನುವುದೇ ಸಾಮಾನ್ಯ. ಸಣ್ಣ ಎಸಿ ಕೆಲಸ ಮಾಡುತ್ತದೆ, ಆದರೆ ಮೈ ತಣ್ಣಗಿರುವ ಬ್ಯಾಟರಿಗೆ ಬಾಗಿಲು ತೆರೆದಾಗ ಹೊರಗಿನ ತೇವದ ಗಾಳಿ ತಾಗಿದರೆ ಹನಿ ಕಟ್ಟುತ್ತದೆ, ಮೇಲಾಗಿ ಉಳಿಸಿದ ವಿದ್ಯುತ್ತನ್ನು ಅದೇ ನುಂಗುತ್ತದೆ.

ಎಲ್ಲ ಮುಗಿದ ಮೇಲಿನ ಅತಿ ಬಿಸಿಯ ದಿನ ಹೊರಗೆ 42 ಇದ್ದಾಗ ಸೆಲ್ ಮುಟ್ಟಿದ್ದು 41. ಗ್ರಾಫ್‌ನಲ್ಲಿ ಫ್ಯಾನ್ ರಾತ್ರಿ ಎಂಟರಿಂದ ಬೆಳಗಿನವರೆಗೆ ಹೆಚ್ಚುಕಡಿಮೆ ಬಿಡದೆ ತಿರುಗಿದೆ, ಬೆಳಗ್ಗೆ ಒಂಬತ್ತರಿಂದ ಸಂಜೆಯವರೆಗೆ ಸುಮ್ಮನಿದೆ. ಬೇಸಿಗೆಯುದ್ದಕ್ಕೂ ಬಿಎಂಎಸ್ ಮತ್ತೆ ಕಡಿದಿಲ್ಲ. ಇನ್ನು ನೋಡಬೇಕಾದ್ದು ಜಾಲರಿಯ ಧೂಳು: ಸೆಲ್ಲಿಗೂ ಹೊರಗಿನ ಗಾಳಿಗೂ ಬೆಳಗಿನ ಜಾವ ಇರುವ ಅಂತರ ವಾರದಿಂದ ವಾರಕ್ಕೆ ಹಿಗ್ಗುತ್ತಿದ್ದರೆ ಜಾಲರಿ ಕಟ್ಟಿಕೊಂಡಿದೆ ಎಂದರ್ಥ. ಆ ಅಂತರ 4 ಡಿಗ್ರಿ ದಾಟಿದರೆ ಫೋನಿಗೆ ಸಂದೇಶ ಕಳಿಸುವಂತೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದ್ದೇನೆ.